ಬಲಕ್ಕೆ ಬಿದ್ದ ಕಡ್ಡಿ

ಭಾವ,

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಬ್ಯಾಂಕಾಕಿಗೆ ಹೋದಾಗ ಆ ಬುದ್ಧನ ದೇವಸ್ಥಾನದಲ್ಲಿ ನಾನು ನಿಮಗೆ ಸುಳ್ಳು ಹೇಳಿದೆ. ಇದು ಅದರದ್ದೇ ಕಾಗದ.

ಅವತ್ತು ಬೆಳಿಗ್ಗೆ ಹೋಟೆಲಿನ ಮುಂದೆ ಬಸ್ಸು ಹತ್ತುವಾಗ ನೀವು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತದ್ದನ್ನು ನೋಡಿದವನು ನಾನೊಬ್ಬನೇ. ಟೂರಿಗೆ ಬಂದಿದ್ದ ಮೂಡಿಗೆರೆ ಕಡೆಯ ಉಳಿದ ಕಾಫಿ ಬೆಳೆಗಾರರೆಲ್ಲ ಕಿಟಕಿ ಸೀಟಿಗೆ ಜಗಳಾಡುತ್ತಿದ್ದರು. "ಎಂತ ಆಯ್ತು ಭಾವ?" ಅಂದೆ. "ಗ್ಯಾಸು ಮಾರಾಯ. ನಿನ್ನ ಅಕ್ಕನ ಹತ್ರ ಬಾಯಿ ಬಿಟ್ರೆ ನೋಡು." ಮಂಗಳೂರಿನ ಡಾಕ್ಟರು ಕೂಡಲೇ ಬನ್ನಿ ಅಂದದ್ದನ್ನು ಟೂರು ಮುಗಿಸಿ ಬರುತ್ತೇನೆ ಅಂತ ಮುಂದೆ ಹಾಕಿದ್ದಿರಿ. ನನಗೆ ಅದೂ ಗೊತ್ತಿತ್ತು.

ಮಲಗಿದ ಬುದ್ಧನ ಪಾದದ ಹತ್ತಿರ ನಿಂತು, "ಇವ್ರಿಗಾದ್ರೂ ಮಲಗ್ಲಿಕ್ಕೆ ಪುರುಸೊತ್ತು ಸಿಕ್ತಲ್ಲ!" ಅಂದಿರಿ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಷ್ಟು ಸೆಕೆಯಲ್ಲೂ ನನ್ನ ಹೆಗಲ ಮೇಲಿದ್ದ ನಿಮ್ಮ ಕೈ ತಣ್ಣಗಿತ್ತು.

ಆಮೇಲೆ ಆ ಬಿದಿರಿನ ಡಬ್ಬಿ. ತುಂಬ ಕಡ್ಡಿ, ಕಡ್ಡಿಗೊಂದು ನಂಬರು. ಮನಸ್ಸಿನಲ್ಲಿ ಕೇಳಿಕೊಂಡು ಅಲ್ಲಾಡಿಸಬೇಕು, ಯಾವ ಕಡ್ಡಿ ಬೀಳುತ್ತದೋ ಆ ನಂಬರಿನ ಚೀಟಿ ನಮ್ಮದು. "ಕಾಫಿಕಾಯಿ ಒಣಗಿದ್ಯಾ ಅಂತ ನೋಡೋದಲ್ಲ ಭಾವ, ಮೆಲ್ಲ ಅಲ್ಲಾಡ್ಸಿ" ಅಂತ ಬೈದೆ. ಕಡ್ಡಿ ಬಿತ್ತು. ನೀವು ಅದರ ನಂಬರನ್ನೇ ನೋಡಲಿಲ್ಲ. "ಬಲಕ್ಕೆ ಬಿತ್ತು ನೋಡ್ದ್ಯಾ? ಪ್ರಸಾದ ಆಯ್ತು!" ಅಂದಿರಿ. ನಮ್ಮೂರ ದೇವರು ಬಲಗಡೆ ಹೂ ಕೊಟ್ಟ ಹಾಗೆ ಅಲ್ಲಿಯದೂ ಅಂದುಕೊಂಡಿರಿ.

ನಂಬರು ನೋಡಿ ಚೀಟಿ ತಂದುಕೊಟ್ಟವಳು ನಮ್ಮ ಟೂರಿನ ಗೈಡ್ ಹುಡುಗಿ. ಅದರ ಇಂಗ್ಲಿಷು ಓದಿದವರು ನಮ್ಮ ಜೊತೆ ಬಂದಿದ್ದ ಬಣಕಲ್ಲಿನ ಮೆಣಸಿನ ವ್ಯಾಪಾರಿ ರಜಾಕ್ ಸಾಬ್ರು. ಓದುತ್ತ ಓದುತ್ತ ಅವರ ಮುಖ ಸಣ್ಣದಾಯಿತು. ನನ್ನನ್ನು ಕಂಬದ ಮರೆಗೆ ಕರೆದರು. "ಕಾಯಿಲೆ ಇದ್ರೆ ತಡ ಮಾಡ್ಬಾರ್ದು, ತಡ ಆದ್ರೆ ಉಳಿಯೋದಿಲ್ಲ ಅಂತಿದೆ." ನನಗೆ ಸಿಟ್ಟು ನೆತ್ತಿಗೇರಿತು. "ಒಳ್ಳೇದಿದೆ ಅನ್ನಿ ಸಾಬ್ರೆ! ಹೆದರಿ ಇಲ್ಲೇ ಬಿದ್ರೆ ನೀವು ಹೊತ್ಕೊಂಡು ಹೋಗ್ತೀರಾ?" "ನನ್ನ ಬಾಯಲ್ಲಿ ಅದು ಬರೋದಿಲ್ಲ. ಬೇಕಾದ್ರೆ ನೀವೇ ಹೇಳಿ" ಅಂದರು. ಹೇಳಿದೆ. "ಮನೇಲಿರೋ ಕಾಯಿಲೆ ಎಲ್ಲ ವಾಸಿ ಆಗ್ತದಂತೆ ಭಾವ." "ನಿಂಗೆ ಇಂಗ್ಲಿಷ್ ಯಾವಾಗ ಬಂತಾ?" ಅಂತ ನಗಾಡಿದಿರಿ. ಕೆಟ್ಟ ಚೀಟಿಯನ್ನು ಅಲ್ಲೇ ಬಿಟ್ಟು ಬರಬೇಕಂತೆ. ಗೈಡ್ ಹುಡುಗಿ ಅದನ್ನು ವಾಪಸು ಕೇಳಿ ಕೈ ಚಾಚಿದಳು. ನೀವು ಪ್ರಸಾದದ ಹಾಗೆ ಕಣ್ಣಿಗೊತ್ತಿ ಜೇಬಿಗೆ ಹಾಕಿಕೊಂಡಿರಿ.

ಊರಿಗೆ ಬಂದ ಮೇಲೆ ಮಂಗಳೂರಿನ ಮಾತೆತ್ತಿದೆ. "ಅಲ್ಲಿ ಚೀಟೀಲೇ ಹೇಳಿ ಆಯ್ತಲ್ಲ, ಇನ್ನು ಡಾಕ್ಟರು ಎಂತ ಹೇಳೋದು?" ಅಂದಿರಿ. ಅವತ್ತಾದರೂ ನಾನು... ಎಲ್ಲರ ಮೇಲೂ ಹಾರಾಡುವ ನನಗೆ ಅದೊಂದನ್ನು ಹೇಳಲು ಬಾಯಿ ಯಾಕೆ ಬರಲಿಲ್ಲ? ತಿಂಗಳು ತುಂಬುವ ಮೊದಲೇ ನೀವು ಕಾಫಿ ಕಣದಲ್ಲಿ ಮಗುಚಿ ಬಿದ್ದಿರಿ, ಮತ್ತೆ ಏಳಲಿಲ್ಲ.

ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅಕ್ಕ ಆ ಚೀಟಿಗೆ ಗಾಜಿನ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ. ದಿನಾ ಕುಂಕುಮ ಹಚ್ಚುತ್ತಾಳೆ. ಎರಡು ತಿಂಗಳಿಂದ ಮೆಟ್ಟಿಲು ಹತ್ತುವಾಗ ನಿಲ್ಲುತ್ತಾಳೆ, ಎದೆ ಹಿಡಿದುಕೊಂಡು, ಥೇಟ್ ನಿಮ್ಮ ಹಾಗೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ನಿನ್ನ ಭಾವ ತಂದ ಪ್ರಸಾದ ಮನೇಲಿದೆ. ಅದಿದ್ದದ್ದಕ್ಕೇ ಅವ್ರು ನರಳದೆ ಹೋದ್ರು. ನಂಗೆ ಎಂತ ಆಗ್ತದೆ?" ಅನ್ನುತ್ತಾಳೆ.

ನಾಳೆ ಬೆಳಿಗ್ಗೆ ಏಳಕ್ಕೆ ಮಂಗಳೂರಿಗೆ ಜೀಪು ಹೇಳಿದ್ದೇನೆ. ಅದಕ್ಕೂ ಮೊದಲು ಅವಳ ಮುಂದೆ ಕೂತು ಎಲ್ಲ ಹೇಳುತ್ತೇನೆ. ಹೇಳದಿದ್ದರೆ ಅವಳು ಜೀಪು ಹತ್ತುವುದಿಲ್ಲ. ಹೇಳಿದರೆ ನನ್ನ ಜೊತೆ ಹತ್ತುವುದಿಲ್ಲ. ಅದಕ್ಕೇ ರಜಾಕ್ ಸಾಬ್ರನ್ನು ಬರಹೇಳಿದ್ದೇನೆ. ಅಕ್ಕನ ಜೊತೆ ಅವರು ಹೋಗುತ್ತಾರೆ. ನಾನು ಹಿಂದಿನಿಂದ ಬಸ್ಸಿನಲ್ಲಿ ಬರುತ್ತೇನೆ.