ಅಕ್ಕ ಮುರಿದುಕೊಂಡ ಡೇಲಿಯಾ ಗೆಡ್ಡೆ

ಅಕ್ಕಾ,

ಡೇಲಿಯಾ ಗೆಡ್ಡೆಗಳನ್ನು ನಾನು ಕುದಿನೀರಲ್ಲಿ ಅದ್ದಿ ಕೊಟ್ಟೆ, ಅದಕ್ಕೇ ಚಿಗುರಲಿಲ್ಲ ಅಂತ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದೆಯಂತೆ. ಅಮ್ಮನ ಹಿತ್ತಲಲ್ಲಿ ಬುಡ ಅಗೆದಾಗ ದಪ್ಪ ದಪ್ಪದ್ದನ್ನೆಲ್ಲ ಪಟಪಟನೆ ಮುರಿದು ಚೀಲಕ್ಕೆ ತುಂಬಿಕೊಂಡವಳು ನೀನೇ. ನನಗೆ ಬಿಟ್ಟದ್ದು ಒಣ ಕಾಂಡಕ್ಕೆ ಅಂಟಿಕೊಂಡಿದ್ದ ನರಪೇತಲ ಗೆಡ್ಡೆಗಳನ್ನು. ಮೊಳಕೆಯೊಡೆಯುವ ಕಣ್ಣು ಇರುವುದು ಆ ಕಾಂಡದ ಬುಡದಲ್ಲಿ, ಗೆಡ್ಡೆಯ ಹೊಟ್ಟೆಯಲ್ಲಲ್ಲ. ನಿನ್ನವು ಎಷ್ಟು ನೀರು ಹೊಯ್ದರೂ ಕೊಳೆಯುತ್ತವೆ, ಅಷ್ಟೇ.

ನನ್ನ ಅಂಗಳದಲ್ಲಿ ತಟ್ಟೆಯಷ್ಟಗಲ ಕೆಂಪು ಹೂ ಬಿಟ್ಟಿದೆ. ನೋಡಬೇಕಿದ್ದರೆ ಗೇಟಿನಾಚೆ ನಿಂತು ನೋಡು. ಬರುವಾಗ ನನ್ನ ಸಲಿಕೆ ತಂದುಕೊಡು.

ಆವತ್ತೇ ಯಾಕೆ ಹೇಳಲಿಲ್ಲ ಅಂತ ನನ್ನನ್ನು ಕೇಳಬೇಡ. ಆ ಗಿಡ ಬೆಳೆಸಿದ ಅಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು. ಅವಳೂ ಬಾಯಿ ಬಿಡಲಿಲ್ಲ. ಹೋಗಿ ಅವಳನ್ನೇ ಕೇಳು.

ಇಂತಿ,
ನಿನ್ನ ತಂಗಿ