ಸಾಕು ಎಂದರೆ ಹಾಕು

ಭಾನುವಾರ
ಹೊಲಿಗೆ ಅಂಗಡಿಯಿಂದ

ಅಕ್ಕನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುವ ನನ್ನವಳಿಗೆ,

ಹರಿದು ಬಿಸಾಡುವ ಮೊದಲು ಒಂದು ಸಲ ಓದು. ಮುಖಕ್ಕೆ ಹೊಡೆದಂತೆ ನಾನು ಬಾಗಿಲು ಹಾಕಿದ್ದು ನಿಜ. ಆದರೆ ಹಾಕು ಎಂದವಳು ನೀನೇ ಎಂದು ಗುರುವಾರದವರೆಗೂ ನಂಬಿದ್ದೆ.

ಹೋದ ವರ್ಷ ಡಾಕ್ಟರು ನನ್ನ ರಕ್ತಪರೀಕ್ಷೆ ನೋಡಿ, ಅಕ್ಕರೆ ಜಾಸ್ತಿಯಾಗಿದೆ, ಕಡಿಮೆ ಮಾಡ್ಕೊಳ್ಳಿ ಎಂದರೆಂದು ಹೇಳಿದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ತಮಾಷೆ ಮಾಡಿರಲಿಲ್ಲ ಕಣೇ! ನಿನ್ನ ಜಡೆ ಎಳೆಯುವುದನ್ನೂ ಬಿಟ್ಟೆ. ನೀನು ತಂದಿಟ್ಟ ಮಾತ್ರೆಯನ್ನು ಅಕ್ಕರೆ ಇಳಿಯಲೆಂದೇ ನುಂಗಿದೆ.

ಟೀಗೆ ನಾನು ಸಕ್ಕರೆ ಸುರಿಯುವಾಗಲೆಲ್ಲ ನೀನು ಹಾಕು, ಹಾಕು ಎಂದಂತೆ ಕೇಳಿಸುತ್ತಿತ್ತು. ‘ಹಾಕಿ ರೀ’ ಎನ್ನಬೇಕಾದವಳು ಏಕವಚನಕ್ಕೆ ಇಳಿದಿದ್ದಾಳೆ, ಇವಳಿಗೂ ಅಕ್ಕರೆ ಏರಿದೆ ಎಂದು ಹಿಗ್ಗಿ ಇನ್ನೊಂದು ಚಮಚ ಹಾಕುತ್ತಿದ್ದೆ. ಕೊನೆಗೆ ರೋಸಿಹೋದ ನೀನು ಬ್ಯಾಗು ಹಿಡಿದು ಹೊಸ್ತಿಲಾಚೆ ನಿಂತು ಅದನ್ನೇ ಕೂಗಿದೆ. ಬಾಗಿಲು ಹಾಕಿದೆ, ಚಿಲಕವನ್ನೂ ಹಾಕಿದೆ. ಹೆಂಡತಿಯ ಮಾತನ್ನು ಚಾಚೂ ತಪ್ಪದೆ ನಡೆಸಿದ್ದು ಅದೊಂದೇ ಸಲ, ಅದೂ ಹೀಗಾಯಿತು.

ರಂಪ ಕೇಳಿಸಿಕೊಂಡಿದ್ದ ಪಕ್ಕದ ಮನೆ ನರ್ಸಮ್ಮ ಗುರುವಾರ ನನ್ನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಆ ಡಾಕ್ಟರು ಬರೆದೇ ತೋರಿಸಿದರು: ಅಕ್ಕರೆಯಲ್ಲ, ಸಕ್ಕರೆ. ಅದು ಏರಿದರೆ ಕಣ್ಣು, ಕಾಲಿನ ಹಾಗೆ ಒಳಗಿವಿಯ ಸಣ್ಣ ರಕ್ತನಾಳ, ನರಗಳೂ ಕೆಡಬಹುದಂತೆ. ಸಾಮಾನ್ಯವಾಗಿ ಕೀರಲು ಸದ್ದುಗಳು ಮೊದಲು ಹೋಗುತ್ತವಂತೆ. ನನಗೆ ಹೋದದ್ದು ‘ಸ’. ಸಕ್ಕರೆ ಅಕ್ಕರೆಯಾದದ್ದು, ನಿನ್ನ ‘ಸಾಕು’ ‘ಹಾಕು’ ಆದದ್ದು ಹಾಗೆ. ಹೊಲಿಗೆ ಯಂತ್ರದ ಕಿರುಗುಟ್ಟುವಿಕೆ ನಿಂತಿತೆಂದು ಹೊಸ ಎಣ್ಣೆಯನ್ನು ಬೀದಿಗೆಲ್ಲ ಹೊಗಳಿದ್ದೆನಲ್ಲ, ನಿಂತದ್ದು ನನ್ನ ಕಿವಿ! ಹೋದದ್ದು ಬಾರದು, ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು. ಕಿವಿಗೊಂದು ಯಂತ್ರವನ್ನೂ ಕೊಟ್ಟರು.

ಈಗ ಸಕ್ಕರೆ ಡಬ್ಬಿಯಲ್ಲಿ ಅಂಗಿಯ ಗುಂಡಿಗಳಿವೆ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಇದಂತೂ ಎರಡು ಕಿವಿಗೂ ಚೆನ್ನಾಗಿ ಕೇಳಿಸುತ್ತಿದೆ. ಬಂದುಬಿಡು. ಚಿಲಕ ತೆಗೆದೇ ಇಟ್ಟಿದ್ದೇನೆ.

ಅಕ್ಕರೆಯನ್ನು ಒಂದಿಷ್ಟೂ ಕಡಿಮೆ ಮಾಡಿಕೊಳ್ಳಲಾಗದ
ನಿನ್ನ ‘ರೀ’

ತಾ.ಕ.: ಯಂತ್ರ ಸಿಕ್ಕಿಸಿಕೊಂಡರೆ ‘ಸ’ ಸೊಗಸಾಗಿ ಕೇಳಿಸುತ್ತದೆ. ಆದರೂ ಇದನ್ನು ಓದಿ ನೀನು ‘ಸಾಕು’ ಎಂದರೆ, ಯಂತ್ರವನ್ನು ಕಿತ್ತಿಟ್ಟು, ‘ಹಾಕು’ ಎಂದೆಯೆಂದು ಇನ್ನೊಂದು ಪತ್ರ ಹಾಕುತ್ತೇನೆ.