ಬಿಳಿ ಹಾಸಿಗೆಯ ಹಾಡು

ಏಳನೆಯ ತಿಂಗಳ ಐವತ್ತೊಂದನೆಯ ದಿನ, 2316
ಗದಗ, ಎರಡನೆಯ ಸುತ್ತು

ಈ ಕಾಗದ ಯಾರ ಕೈ ಸೇರುತ್ತದೋ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ಈಗ ವರ್ಷಕ್ಕೆ ಏಳೇ ತಿಂಗಳು, ತಿಂಗಳಿಗೆ ಐವತ್ತೆರಡು ದಿನ. ಮಿಕ್ಕುವ ಒಂದು ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವತ್ತು ಎಲ್ಲರೂ ಮನೆ ಸಾರಿಸಿ ಮಲಗುತ್ತಾರೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ಲಗ್ನಪತ್ರಿಕೆಗಳಿಂದ, ಔಷಧದ ಚೀಟಿಗಳಿಂದ ಮತ್ತು ಅರ್ಧ ಸುಟ್ಟ ಒಂದು ಅಡುಗೆ ಪುಸ್ತಕದಿಂದ. ನನ್ನ ಮಾತು ಎಲ್ಲಾದರೂ ಲಗ್ನಕ್ಕೆ ಕರೆದ ಹಾಗೆ ಕೇಳಿಸಿದರೆ ತಪ್ಪು ತಿಳಿಯಬೇಡಿ. ನಾನು ಅರವತ್ತನಾಲ್ಕು ವರ್ಷದ ಹೆಂಗಸು, ಹೆಸರು ನೀಲಗಂಗವ್ವ. ಮನೆಯಲ್ಲಿ ಒಬ್ಬಳೇ ಇದ್ದೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಹಾಕುವ ಡಬ್ಬಿ. ಅರವತ್ತು ದಾಟಿದವರಿಗೆ ಜನ್ಮದಲ್ಲಿ ಒಂದೇ ಸಲ ಅವಕಾಶ, ಅದೂ ನಾಲ್ಕೇ ಹಾಳೆ. ಕೈಯಿಂದಲೇ ಬರೆಯಬೇಕು. ಒಂದಕ್ಷರ ಹೊಡೆದುಹಾಕಿದರೂ ಡಬ್ಬಿ ಹಾಳೆಯನ್ನು ವಾಪಸು ಉಗುಳುತ್ತದೆ, ಬೇರೆ ಹಾಳೆ ಕೊಡುವುದಿಲ್ಲ. ದನಿಯಾಗಲಿ ಚಿತ್ರವಾಗಲಿ ಅದರಲ್ಲಿ ಹೋಗುವುದಿಲ್ಲ, ಬರೀ ಮಸಿ ಹೋಗುತ್ತದೆ. ಹೆಚ್ಚಿನವರು ತಮ್ಮ ಮುತ್ತಜ್ಜನಿಗೆ ಬುದ್ಧಿ ಹೇಳಲು ಈ ಅವಕಾಶ ಬಳಸುತ್ತಾರೆ. ಆ ಮುತ್ತಜ್ಜಂದಿರು ಓದಿದರೋ ಇಲ್ಲವೋ, ಇಲ್ಲಿ ಯಾರ ಬದುಕೂ ಸುಧಾರಿಸಿದ್ದು ಕಂಡಿಲ್ಲ. ನನಗೆ ಬುದ್ಧಿ ಹೇಳುವ ಆಸೆ ಇಲ್ಲ. ನನಗೆ ಬೇಕಾಗಿರುವುದು ಒಂದು ಹಾಡನ್ನು ನೋಡದೇ ಇರುವ ಮನುಷ್ಯ.

ಹಾಡನ್ನು ನೋಡುವುದು ಎಂದೆ, ಅದನ್ನು ಬಿಡಿಸಿ ಹೇಳಬೇಕು. ನಮ್ಮ ಪ್ರತಿ ಮನೆಯಲ್ಲೂ ಒಂದು ಹಾಡುಗೋಡೆ ಇದೆ. ನಿಮ್ಮಲ್ಲಿ ಹಾಡಿಗೆ ಚಿತ್ರ ಬೇಕಾದರೆ ಹಾಕಿಕೊಳ್ಳುತ್ತಿದ್ದರಂತೆ, ಬೇಡವಾದರೆ ಕೇಳುತ್ತಲೇ ರೊಟ್ಟಿ ಬಡಿಯುತ್ತಿದ್ದರಂತೆ. ನಮ್ಮಲ್ಲಿ ಚಿತ್ರವಿಲ್ಲದ ಹಾಡು ಮನೆಯೊಳಗೆ ಬರುವುದೇ ಇಲ್ಲ. ದನಿ ಶುರುವಾಗುವ ಮೊದಲೇ ಗೋಡೆ ಬೆಳಗುತ್ತದೆ. ಮನೆಗಳ ಗೋಡೆ ದಪ್ಪ, ಪಕ್ಕದವರ ಗುನುಗು ಈಚೆಗೆ ಕೇಳಿಸುವುದಿಲ್ಲ. ಓಣಿಯಲ್ಲಿ ಹಾಡುವುದನ್ನು ನನ್ನ ಅಜ್ಜಿಯ ಕಾಲದಲ್ಲೇ ಬಿಟ್ಟರು. ಜನ ಒಬ್ಬರನ್ನೊಬ್ಬರು ಹೊಸ ಹಾಡು ನೋಡಿದಿರಾ ಎಂದು ವಿಚಾರಿಸುತ್ತಾರೆ, ಕೇಳಿದಿರಾ ಎಂದು ಯಾರೂ ಅನ್ನುವುದಿಲ್ಲ. ಹಾಡಿನ ಹೆಸರೂ ಚಿತ್ರದ್ದೇ. ಕೆಂಪು ಕೊಡೆಯ ಹಾಡು, ಓಡುವ ಕುರಿಮರಿಯ ಹಾಡು, ಹೀಗೆ. ಗೋಡೆಯನ್ನು ಕತ್ತಲು ಮಾಡಿ ಹಾಡು ಹಾಕುವುದು ಸತ್ತವರ ಮನೆಯಲ್ಲಿ ಮಾತ್ರ, ಮೂರು ದಿನ. ಉಳಿದ ದಿನ ಹಾಗೆ ಮಾಡಿದರೆ ಅಪಶಕುನ ಎಂದು ಮಕ್ಕಳನ್ನು ಗದರುತ್ತಾರೆ.

ಹಾಡಿಗೆ ಚಿತ್ರ ಕೊಡುವುದಕ್ಕೆ ನಾವು ತೊಡಿಸುವುದು ಎನ್ನುತ್ತೇವೆ. ನಾನು ಮೂವತ್ತೆರಡು ವರ್ಷ ಆ ಕೆಲಸ ಮಾಡಿದವಳು. ಜಂಬ ಕೊಚ್ಚಿಕೊಳ್ಳಬಾರದು, ಆದರೂ ಹೇಳುತ್ತೇನೆ, ಗದಗ ಸೇರಿ ನಮ್ಮ ಸುತ್ತಿನ ಏಳೂರಿನಲ್ಲಿ ನನ್ನಷ್ಟು ಕೈ ಪಳಗಿದವರು ಇರಲಿಲ್ಲ. ಸೊರಗಿದ ದನಿಗೆ ಮುದುಕಿಯ ಕೈಗಳನ್ನು ತೋರಿಸಿದರೆ ಜನ ಅದನ್ನು ಪಕ್ವವಾದ ಕಂಠ ಎನ್ನುತ್ತಿದ್ದರು. ತಾಳ ತಪ್ಪಿದ ಕಡೆ ಹಕ್ಕಿ ಹಾರಿಸಿದರೆ ಆ ತಪ್ಪನ್ನೇ ಚಮತ್ಕಾರ ಎಂದು ಮೆಚ್ಚುತ್ತಿದ್ದರು. ಕೆಲಸಕ್ಕೆ ಸೇರುವಾಗಿನ ಪರೀಕ್ಷೆಯಲ್ಲಿ ನನಗೆ ಒಂದೇ ರಾಗ ಕೊಟ್ಟು ಮೂರು ಬಗೆಯಲ್ಲಿ ತೊಡಿಸಲು ಹೇಳಿದರು. ಮೂರು ಓಣಿಗಳಿಗೆ ಒಂದೊಂದನ್ನು ತೋರಿಸಿದರು. ಒಂದು ಓಣಿಯವರು ಇದು ಮದುವೆಗೆ ಲಾಯಕ್ಕು ಎಂದರು, ಎರಡನೆಯವರು ನೋಡಿ ಮೈ ಜುಮ್ಮೆಂದಿತು ಎಂದರು, ಮೂರನೆಯವರು ಹಾಡಿದವನಿಗೆ ಶೀತವಾಗಿದೆಯೇ ಎಂದು ವಿಚಾರಿಸಿದರು. ಹಾಡಿದವನು ಒಬ್ಬನೇ, ಹಾಡಿದ್ದು ಒಂದೇ ಸಲ. ನಾನು ಮೊದಲನೆಯವಳಾಗಿ ಪಾಸಾದೆ. ಅದರಲ್ಲಿ ಹೆದರಬೇಕಾದದ್ದೇನಾದರೂ ಇದೆ ಎಂದು ಅವತ್ತು ನನಗೆ ಹೊಳೆಯಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತು. ಹಾಡಿದವರು ತೊಡಿಸುವವರ ಜೊತೆ ಆ ಹಾಡಿನ ಬಗ್ಗೆ ಮಾತಾಡುವಂತಿಲ್ಲ. ಹಾಡು ಕೊಟ್ಟು, ಚಿತ್ರ ಮುಗಿಯುವವರೆಗೆ ತುಟಿ ಬಿಚ್ಚದೆ ಇರಬೇಕು. ಹಾಡಿದವನ ಮನಸ್ಸಿನಲ್ಲಿ ಏನಿತ್ತು ಎಂದು ಗೊತ್ತಾದರೆ ತೊಡಿಸುವವರ ಕೈ ಕಟ್ಟಿಹೋಗುತ್ತದೆ ಎಂಬುದು ಹಿರಿಯರ ವಾದ. ಇದನ್ನು ನಾವು ದೇವರ ಮಾತಿನ ಹಾಗೆ ಪಾಲಿಸುತ್ತಿದ್ದೆವು.

ನನ್ನ ಗಂಡ ಕಳಕಪ್ಪ ಹಾಡುಗಾರರಲ್ಲ. ನೀರಿನ ಕೊಳವೆ ಸರಿ ಮಾಡುವ ಇಲಾಖೆಯಲ್ಲಿ ಕೆಲಸ. ನಾನು ಬೆಳಿಗ್ಗೆ ಬೇಗ ಏಳುವವಳಲ್ಲ, ಅವರು ಕೋಳಿಗಿಂತ ಮೊದಲು ಏಳುವವರು. ಚಹಾ ಮಾಡಿ ನನ್ನ ತಲೆದಿಂಬಿನ ಹತ್ತಿರ ಇಟ್ಟು, ನಾನು ಕಣ್ಣು ಬಿಡದಿದ್ದರೆ ಏನೋ ಗುನುಗಿ ಕಾಡಿಸುತ್ತಿದ್ದರು. ಹಾಗೆ ಕಾಡಿಸುತ್ತಾ ಕಾಡಿಸುತ್ತಾ ಒಂದು ಹಾಡು ಕಟ್ಟಿದರು. ಜನ್ಮದಲ್ಲಿ ಅವರು ಕಟ್ಟಿದ್ದು ಅದೊಂದೇ. ನನಗೆ ಗೊತ್ತಾಗದ ಹಾಗೆ ಅದನ್ನು ಪೂರ್ತಿ ಮಾಡಿ, ನನ್ನನ್ನು ಬೆರಗುಗೊಳಿಸಬೇಕೆಂದು ನಮ್ಮ ಕಚೇರಿಗೇ ತಂದು ಕೊಟ್ಟರು. ಕಟ್ಟುಪಾಡಿನ ಪ್ರಕಾರ ಏನೂ ಹೇಳದೆ, ಮೀಸೆಯಲ್ಲೇ ನಗುತ್ತಾ ಹೊರಟುಹೋದರು. ಹಾಡು ಇಷ್ಟೇ:

ಬಿಸಲು ಬಂತು ಹೊಸ್ತಿಲಕ,
ಇನ್ನೂ ಯಾಕ ಮಲಗೀದಿ?
ಚಾ ಆರಿ ತಣ್ಣಗಾತು,
ಕನಸಿನ್ಯಾಗ ಎಲ್ಲಿ ಹೋಗೀದಿ?

ಮೊದಲ ಸಾಲಿಗೆ ನಾನು ನಕ್ಕೆ. ಅದನ್ನು ನಾನು ಮರೆತಿಲ್ಲ. ಅವರ ದನಿ, ಸ್ವಲ್ಪ ಮೂಗಿನಲ್ಲಿ, ಸೋಮಾರಿ ಹೆಂಡತಿಯನ್ನು ಛೇಡಿಸುವ ದನಿ. ಅರ್ಧ ಉಸಿರಿನಷ್ಟು ಹೊತ್ತು ಆ ಹಾಡು ನನ್ನದಾಗಿತ್ತು. ಅಷ್ಟರಲ್ಲಿ ಕಸುಬು ಎದ್ದು ಕೂತಿತು. ಹೊಸ್ತಿಲ ಮೇಲಿನ ಬಿಸಿಲು, ಆರಿದ ಚಹಾ, ಏಳದ ಹೆಂಗಸು, ಎಲ್ಲಿ ಹೋಗೀದಿ ಎಂಬ ಪ್ರಶ್ನೆ. ನಗಿಸುವ ಹಾಡು ಎರಡು ತಿಂಗಳು ಬಾಳುತ್ತದೆ, ಅಳಿಸುವ ಹಾಡು ಇಪ್ಪತ್ತು ವರ್ಷ ಬಾಳುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಗಂಡನ ಹಾಡು ಬಾಳಲಿ ಎಂದೇ ನಾನು ಅದನ್ನು ತೊಡಿಸಿದೆ. ಒಂದು ಮಂಚ, ಅದರ ಮೇಲೆ ಸುಕ್ಕಿಲ್ಲದ ಬಿಳಿ ಹಾಸಿಗೆ, ಯಾರೂ ಇಲ್ಲ. ಪಕ್ಕದಲ್ಲಿ ಕೆನೆಗಟ್ಟಿದ ಚಹಾ. ಕೊನೆಯ ಸಾಲಿಗೆ ಒಂದು ಗಂಡು ಕೈ ಬಂದು ಹಾಸಿಗೆಯನ್ನು ಸವರಿ ಹಿಂದೆ ಸರಿಯುತ್ತದೆ. ಅಷ್ಟೇ ಚಿತ್ರ. ನನ್ನ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ, ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಹಾಡು ಏಳೂರನ್ನೂ ಅಳಿಸಿತು. ಬಿಳಿ ಹಾಸಿಗೆಯ ಹಾಡು ಎಂದು ಹೆಸರಾಯಿತು. ಹೆಂಡತಿ ಸತ್ತವರು ಅದನ್ನು ದಿನಾ ಹಾಕಿಕೊಂಡರು. ಇಲಾಖೆಯಲ್ಲಿ ಜನ ಕಳಕಪ್ಪನವರ ಕೈ ಹಿಡಿದು ಸಮಾಧಾನ ಹೇಳತೊಡಗಿದರು. ಅವರ ದನಿಯಲ್ಲಿ ನೋವು ತುಂಬಿ ತುಳುಕುತ್ತಿದೆ ಎಂದು ತಿಳಿದವರು ಬರೆದರು. ಅದು ನೋವಲ್ಲ, ಅವರ ಮೂಗು ಕಟ್ಟಿತ್ತು. ಒಮ್ಮೆ ರೋಣದಿಂದ ಒಬ್ಬ ಹಿರಿಯರು ಪೇರಲ ಹಣ್ಣಿನ ಬುಟ್ಟಿ ಹೊತ್ತು ಮಾತಾಡಿಸಲು ಬಂದರು. ಬಾಗಿಲು ತೆರೆದವಳು ನಾನು. ನಾನು ಹೆಂಡತಿ ಎಂದಾಗ ಅವರು ತಬ್ಬಿಬ್ಬಾಗಿ, ಆಮೇಲೆ ತಗ್ಗಿದ ದನಿಯಲ್ಲಿ, ಎರಡನೆಯ ಸಂಬಂಧ ಆಗಿ ಎಷ್ಟು ದಿನವಾಯಿತು ಎಂದು ವಿಚಾರಿಸಿದರು. ಅವರು ಹೋದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಳಕಪ್ಪನವರು ನಗಲಿಲ್ಲ. ಪೇರಲ ಹಣ್ಣನ್ನು ಒರೆಸುತ್ತಾ ಕೂತಿದ್ದವರು ಒಂದೇ ಮಾತು ಹೇಳಿದರು.

“ನಾ ಎಬ್ಬಸಾಕಂತ ಹಾಡಿದ್ನಿ. ನೀ ಮಣ್ಣು ಮಾಡಿ ಬಂದಿ.”

ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಕಷ್ಟವಾಯಿತು. ಜನ ಮೆಚ್ಚಿದ್ದಾರಲ್ಲ ಎಂದು ನಾನು ವಾದ ಮಾಡಿದೆ. ಅವರು ಹೌದು ಎಂದರು. ಮಾರನೆಯ ದಿನದಿಂದ ಬೆಳಗಿನ ಗುನುಗು ನಿಂತಿತು. ಚಹಾ ಬರುತ್ತಿತ್ತು, ಬೆರಳಿನಿಂದ ಮಂಚದ ಕಾಲನ್ನು ಎರಡು ಸಲ ಬಡಿಯುತ್ತಿದ್ದರು. ಹಾಗೆ ಹತ್ತೊಂಬತ್ತು ವರ್ಷ ಬಾಳಿದೆವು. ಜಗಳವಾಡಲಿಲ್ಲ, ಊರು ಸುತ್ತಿದೆವು, ಒಳ್ಳೆಯದನ್ನೇ ಉಂಡೆವು. ಒಂದು ಸಲ ಮಾತ್ರ, ನನಗೆ ಜ್ವರ ಬಂದು ಇಳಿದಾಗ, ಒಮ್ಮೆ ಅದನ್ನು ನನಗೋಸ್ಕರ ಹಾಡಿ ಎಂದು ಬೇಡಿದೆ. ಅವರು ಬಾಯಿ ತೆರೆದರು. ಹಾಡುವ ಬದಲು ನನ್ನ ಹೊದಿಕೆ ಸರಿ ಮಾಡಿದರು.

“ಹ್ಯಾಂಗ ಹಾಡ್ಲಿ ನೀಲಾ,” ಎಂದರು, “ನನಗೂ ಈಗ ಅದ ಕಾಣತೈತಿ.”

ಅವರು ಹೋದದ್ದು ಈ ವರ್ಷದ ಮೂರನೆಯ ತಿಂಗಳಲ್ಲಿ. ಪದ್ಧತಿಯಂತೆ ಗೋಡೆ ಕತ್ತಲು ಮಾಡಿ ಮೂರು ದಿನ ಅವರ ಹಾಡನ್ನೇ ಹಾಕಿದರು. ಬಂದವರೆಲ್ಲ ಕತ್ತಲ ಗೋಡೆಯ ಕಡೆ ಮುಖ ಮಾಡಿ ಕೂತು ಅತ್ತರು. ಕತ್ತಲಲ್ಲಿ ಅವರೆಲ್ಲರಿಗೂ ಬಿಳಿ ಹಾಸಿಗೆ ಕಾಣುತ್ತಿತ್ತು ಎಂದು ನನಗೆ ಗೊತ್ತು, ಏಕೆಂದರೆ ಕಳಕಪ್ಪನವರ ದನಿ ಅಷ್ಟು ಹತ್ತಿರದಲ್ಲಿ ನನ್ನನ್ನು ಏಳು ಎನ್ನುತ್ತಿದ್ದರೂ ನನಗೂ ಕಂಡದ್ದು ಅದೇ. ಕಣ್ಣು ಮುಚ್ಚಿದರೆ ಇನ್ನೂ ಚೊಕ್ಕವಾಗಿ ಕಾಣುತ್ತಿತ್ತು. ಆಮೇಲೆ ನಾನು ಮಾಡದ ಉಪಾಯವಿಲ್ಲ. ಹಾಡಿನಿಂದ ಚಿತ್ರ ಕಳಚಿದೆ, ಬೇರೆ ಚಿತ್ರ ತೊಡಿಸಿದೆ, ಸಾಲುಗಳನ್ನು ಹಿಂದುಮುಂದು ಮಾಡಿದೆ, ನೀರಿನೊಳಗೆ ತಲೆ ಇಟ್ಟು ಕೇಳಿದೆ. ಪಕ್ಕದ ಮನೆಯ ಎಂಟು ದಿನದ ಕೂಸಿನ ಮುಂದೆ ಹಾಡಿ ನೋಡಿದೆ, ಅದು ಹಾಲಿಗೆ ಅತ್ತಿತು. ಏಳೂರಿನಲ್ಲಿ ಮಾತು ಬರುವ ಯಾರೂ ಆ ಹಾಸಿಗೆ ನೋಡದೆ ಉಳಿದಿಲ್ಲ. ನನ್ನ ಕೈಯ ಕೆಲಸ ಅಷ್ಟು ಚೆನ್ನಾಗಿತ್ತು. ಈಗ ಬೆಳಿಗ್ಗೆ ನಾನೇ ಏಳುತ್ತೇನೆ, ಬೇಗ ಏಳುತ್ತೇನೆ, ಮಾಡುವುದಕ್ಕೆ ಏನೂ ಇರುವುದಿಲ್ಲ. ಅವರನ್ನು ನೆನೆದು ಅಳಬೇಕೆಂದರೂ ನನ್ನದೇ ಚಿತ್ರ ನೋಡಿ ಅತ್ತ ಹಾಗಾಗುತ್ತದೆ. ಅದು ನನಗೆ ಸಾಕಾಗಿದೆ.

ಆದ್ದರಿಂದ ನಿಮಗೆ ಬರೆದೆ. ನಿಮ್ಮ ಕಾಲದವರು ಯಾರೂ ಈ ಹಾಡನ್ನು ನೋಡಿಲ್ಲ. ನಾಲ್ಕನೆಯ ಹಾಳೆಯಲ್ಲಿ ಹಾಡು ಮಾತ್ರ ಬರೆದಿದ್ದೇನೆ, ಕೆಳಗೆ ಸ್ವರ ಹಾಕಿದ್ದೇನೆ. ಹಾರ್ಮೋನಿಯಂ ಬಲ್ಲವರು ಯಾರಾದರೂ ಹಿಡಿದಾರು. ಅದನ್ನು ಹಾಡಿ, ಕೇಳಿದವರಿಗೆ ಏನು ಅನ್ನಿಸಿತು ಎಂದು ಆ ಹಾಳೆಯ ಬೆನ್ನಿಗೆ ಒಂದೇ ಸಾಲು ಬರೆದು, ಯಾವುದಾದರೂ ವಾಚನಾಲಯದ ದಪ್ಪ ಪುಸ್ತಕದಲ್ಲಿ ಇಟ್ಟುಬಿಡಿ. ನಿಮ್ಮ ಕಾಲದ ಕಾಗದಗಳು ಪ್ರತಿ ವರ್ಷ ಮೊದಲ ತಿಂಗಳಲ್ಲಿ ನಮ್ಮಲ್ಲಿಗೆ ವಿಂಗಡಣೆಗೆ ಬರುತ್ತವೆ, ಆ ಕೆಲಸಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ಒಬ್ಬರಾದರೂ ನಕ್ಕರು ಎಂದು ಬರೆದಿದ್ದರೆ ಸಾಕು. ಅವರು ಹಾಡಿದ್ದು ನನ್ನನ್ನು ನಗಿಸಲಿಕ್ಕೆ ಎಂಬುದಕ್ಕೆ ನನ್ನ ಅರ್ಧ ಉಸಿರನ್ನು ಬಿಟ್ಟು ಇನ್ನೊಂದು ಸಾಕ್ಷಿ ಸಿಗುತ್ತದೆ.

ಇಷ್ಟು ಬರೆದು ಮೂರೂ ಹಾಳೆಗಳನ್ನು ಮೊದಲಿನಿಂದ ಓದಿಕೊಂಡೆ. ಮಂಚವನ್ನೂ ಬಿಳಿ ಹಾಸಿಗೆಯನ್ನೂ ಚಹಾದ ಕೆನೆಯನ್ನೂ ಆ ಕೈಯನ್ನೂ ಒಂದೂ ಬಿಡದೆ ನಿಮಗೆ ಬರೆದಿದ್ದೇನೆ. ಮೂವತ್ತೆರಡು ವರ್ಷದ ಅಭ್ಯಾಸ, ತೊಡಿಸದೆ ಇರಲು ನನಗೆ ಬರಲಿಲ್ಲ. ಹೊಡೆದುಹಾಕುವಂತಿಲ್ಲ, ಬೇರೆ ಹಾಳೆಯೂ ಇಲ್ಲ.

ಹಾಗಾಗಿ ನನ್ನ ಬೇಡಿಕೆಯನ್ನು ಬದಲಿಸುತ್ತೇನೆ. ನಾಲ್ಕನೆಯ ಹಾಳೆಯನ್ನು ಬೇರೆ ಮಾಡಿ, ನಿಮಗೆ ಗೊತ್ತಿರುವ ಯಾರಿಗಾದರೂ ಕೊಡಿ. ಬೆಳಿಗ್ಗೆ ತಡವಾಗಿ ಏಳುವವರ ಮನೆಯಾದರೆ ಒಳ್ಳೆಯದು. ನನ್ನ ಹೆಸರು ಹೇಳಬೇಡಿ, ಸತ್ತವರ ಸುದ್ದಿ ಎತ್ತಬೇಡಿ, ಈ ಮೂರು ಹಾಳೆಗಳನ್ನು ಅವರಿಗೆ ತೋರಿಸಬೇಡಿ. ಅವರು ಹಾಡಲಿ. ನೀವು ಮಾತ್ರ ಹಾಡಬೇಡಿ, ಇಷ್ಟು ಹೊತ್ತು ನನ್ನ ಜೊತೆ ಕೂತದ್ದಕ್ಕೆ ನಿಮಗೆ ಇದೊಂದು ಅನ್ಯಾಯ ಮಾಡಿದ್ದೇನೆ. ನಿಮಗೆ ಆಗಲೇ ಹಾಸಿಗೆ ಕಾಣುತ್ತಿರುತ್ತದೆ.

ನೀಲಗಂಗವ್ವ